ಗುಡ್ಡದ ಮೇಲಿನ ಕಿವಿ

ಎಲ್ಲರೂ ಅವನನ್ನು ಸುರುಳಿ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಉಳಿದುಕೊಂಡಿತ್ತು, ಅಷ್ಟೆ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಟೇಬಲ್ ಫ್ಯಾನು, ನೀರಿನ ಪಂಪು, ಗೋಡೆ ಕೊರೆಯುವ ಡ್ರಿಲ್ಲು, ಏನು ತಂದರೂ ಬಿಚ್ಚಿ, ಮೂಸಿ ನೋಡಿ, "ಸುಟ್ಟಿದೆ, ಬಿಟ್ಟು ಹೋಗಿ" ಎನ್ನುತ್ತಿದ್ದ. ಅಂಗಡಿ ಎಂದರೆ ಟೈರಿನವನಿಗೂ ಲಾಂಡ್ರಿಯವನಿಗೂ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಉದ್ದನೆಯ ಕೋಣೆ. ಒಳಗೆ ಕಾಲಿಟ್ಟವರ ಮೂಗಿಗೆ ವಾರ್ನಿಷ್ ವಾಸನೆ ರಪ್ಪನೆ ಬಡಿಯುತ್ತಿತ್ತು. ಅವನ ಕೈಕೆಲಸದಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ತೆಗೆದರೋ, ಅವತ್ತಿಡೀ ಊಟದ ತಟ್ಟೆಯ ಮುಂದೆಯೂ ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದ.

"ಇವರನ್ನ ಬೈದರೆ ಸುಮ್ಮನಿರ್ತಾರೆ," ಎಂದು ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. "ಇವರು ಸುತ್ತಿದ ಮೋಟಾರನ್ನ ಒಂದ್ಸಲ ಬೈದು ನೋಡಿ, ಗೊತ್ತಾಗುತ್ತೆ!"

ಅಂಗಡಿಯ ಬಾಗಿಲು ಎಳೆದ ಮೇಲೆ ಅವನ ಇನ್ನೊಂದು ಬದುಕು ಶುರುವಾಗುತ್ತಿತ್ತು. ಅವನು ಹ್ಯಾಮ್ ರೇಡಿಯೋದವನು. ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ರೇಡಿಯೋ ಸೆಟ್ಟಿನ ಗುಂಡಿ ಒತ್ತಿ ಗಾಳಿಯಲ್ಲಿ ಮಾತಾಡುವ ಹುಚ್ಚು. ಅದರಿಂದ ಮೂರು ಕಾಸಿನ ಲಾಭವಿಲ್ಲ, ಆದರೂ ಹಿಡಿದವರನ್ನು ಬಿಡುವುದಿಲ್ಲ. ಊರಿನಲ್ಲಿ ಇಂಥವರದೊಂದು ಸಂಘವಿತ್ತು: ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಟ್ಯಾಕ್ಸಿಯವನು, ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ, ಹೀಗೆ ಒಂದಷ್ಟು ಜನ. ಕೈಯಲ್ಲಿ ಹಿಡಿಯುವ ಸೆಟ್ಟಿನ ಕೂಗು ದೂರ ಹೋಗುವುದಿಲ್ಲ, ನಡುವೆ ನಾಲ್ಕು ಕಟ್ಟಡ ಅಡ್ಡ ಬಂದರೆ ಮುಗಿಯಿತು. ಅದಕ್ಕೇ ಊರ ಪಕ್ಕದ ಗುಡ್ಡದ ನೆತ್ತಿಯಲ್ಲಿ, ನೀರಿನ ಟ್ಯಾಂಕಿಗೆ ಒತ್ತಿಕೊಂಡ ಶೆಡ್ಡಿನಲ್ಲಿ, ಸಂಘದವರು ಒಂದು ಯಂತ್ರ ಇಟ್ಟಿದ್ದರು. ರಿಪೀಟರ್ ಎನ್ನುತ್ತಾರೆ. ಕೆಳಗಿನಿಂದ ಬಂದ ಸಣ್ಣ ಕೂಗನ್ನು ಅದು ಒಂದು ಅಲೆಯಲ್ಲಿ ಕೇಳಿಸಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಇನ್ನೊಂದು ಅಲೆಯಲ್ಲಿ ಗಟ್ಟಿಯಾಗಿ ಕೂಗಿ ಊರಿಗೆಲ್ಲ ಹಂಚುತ್ತದೆ.

ಇದರಲ್ಲೊಂದು ಪೇಚಿದೆ. ಯಂತ್ರ ಕೇಳುವುದೂ ಕೂಗುವುದೂ ಒಟ್ಟೊಟ್ಟಿಗೇ. ಕಿವಿಯ ಪಕ್ಕದಲ್ಲೇ ಬಾಯಿ. ಬಾಯಿಯ ಗದ್ದಲ ಕಿವಿಗೆ ನುಗ್ಗಿದರೆ ಯಂತ್ರ ತನ್ನ ಕೂಗಿಗೆ ತಾನೇ ಕಿವುಡಾಗುತ್ತದೆ. ಹಾಗಾಗದಿರಲಿ ಎಂದು ಎರಡರ ನಡುವೆ ಸೊಂಟದೆತ್ತರದ ತಾಮ್ರದ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಡಬ್ಬಿಯೊಳಗಿನ ಸರಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಹದಕ್ಕೆ ತಂದರೆ ಅದು ಬೇಕಾದ ಅಲೆಯನ್ನು ಬಿಡುತ್ತದೆ, ಬೇಡದ್ದನ್ನು ತಡೆಯುತ್ತದೆ. ಕಂಪನಿಯ ಡಬ್ಬಿ ಸಂಘದ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಸುರುಳಿ ಹಳೆಯ ತಾಮ್ರದ ಕೊಳವೆಗಳನ್ನು ತಂದು, ಕೊಯ್ದು, ಬೆಸುಗೆ ಹಾಕಿ, ಒಳಮೈಯನ್ನು ಕನ್ನಡಿಯ ಹಾಗೆ ಉಜ್ಜಿ ತಾನೇ ಮಾಡಿದ. ಶೆಡ್ಡಿಗೆ ಯಾರು ಬಂದರೂ ಮೊದಲು ಡಬ್ಬಿಗಳನ್ನು ತೋರಿಸುತ್ತಿದ್ದ, ಆಮೇಲೆ ಉಳಿದದ್ದು. ಗುಡ್ಡದ ಯಂತ್ರ ಸಂಘದ್ದಾದರೂ ಅದರ ಹಗಲು ರಾತ್ರಿ ಅವನದೇ.

ಅವನಿಗೆ ಇದನ್ನೆಲ್ಲ ಕಲಿಸಿದವರು ಮೇಷ್ಟ್ರು. ತರಬೇತಿ ಶಾಲೆಯಲ್ಲಿ ತಂತಿ ಬೆಸುಗೆಯ ಪಾಠ ಹೇಳುತ್ತಿದ್ದವರು, ಸುರುಳಿ ಎಂದು ಹೆಸರಿಟ್ಟವರೂ ಅವರೇ. ಅವನಿಗೆ ಅಪ್ಪ ಇಲ್ಲದ ಕೊರತೆಯನ್ನು ಅವರು ಬಾಯಿಬಿಟ್ಟು ಆಡದೆ ತುಂಬಿಕೊಟ್ಟಿದ್ದರು. ಮದುವೆಯಲ್ಲಿ ಅವನ ಕಡೆಯ ಹಿರಿಯರಾಗಿ ನಿಂತವರೂ ಅವರೇ. ಈಗ ಮೇಷ್ಟ್ರಿಗೆ ವಯಸ್ಸಾಗಿತ್ತು, ಎದೆ ಕೆಟ್ಟಿತ್ತು. ನಾಲ್ಕು ಮಾತಾಡಿದರೆ ಏದುಸಿರು. ಮಾತು ಕಡಿಮೆ ಮಾಡಿ ಎಂದು ಆಸ್ಪತ್ರೆಯ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮನೆ ಗುಡ್ಡದ ಹಿಂಬದಿಯ ತಗ್ಗಿನಲ್ಲಿ, ಎರಡು ಗೋದಾಮುಗಳ ನಡುವೆ. ಮಾಳಿಗೆ ಹತ್ತಿ ಆಂಟೆನಾ ಕಟ್ಟುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಕಿಟಕಿಯ ಸರಳಿಗೆ ಒರಗಿಸಿದ ಕೈಸೆಟ್ಟಿನಿಂದ ಅವರ ದನಿ ಗುಡ್ಡಕ್ಕೆ ಹೇಗೋ ತೆವಳಿಕೊಂಡು ಹೋಗುತ್ತಿತ್ತು.

ಹಗಲೆಲ್ಲ ಅವರು ಹೆಂಡತಿಯ ಜೊತೆ ಕೈಸನ್ನೆಯಲ್ಲೇ ಕಾಲ ಹಾಕುತ್ತಿದ್ದರು. ನೀರು ಬೇಕಾದರೆ ಲೋಟ ಎತ್ತಿ ತೋರಿಸುವುದು, ಕಿಟಕಿ ಹಾಕು ಎನ್ನಲು ಬೆರಳು ಮಾಡುವುದು. ಇದ್ದ ಮಾತನ್ನೆಲ್ಲ ಸಂಜೆಗೆಂದು ಕೂಡಿಡುತ್ತಿದ್ದರು. ಸಂಜೆ ಸಂಘದವರೆಲ್ಲ ಗಾಳಿಯಲ್ಲಿ ಸೇರುತ್ತಿದ್ದರು. ಸುರುಳಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದ, ಅವರು ಓಗೊಟ್ಟು ಒಂದೆರಡು ಮಾತಾಡುತ್ತಿದ್ದರು. ಆ ಕೂಟಕ್ಕೆ ಮೇಷ್ಟ್ರು ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಯಾರನ್ನೂ ಕರೆಯುವ ಮೊದಲು, "ಸಣ್ಣ ದನಿಯವರು ಯಾರಾದರೂ ಇದ್ದೀರಾ?" ಎಂದು ಕೇಳಬೇಕು. ಕೇಳಿ ಸುಮ್ಮನಿರಬೇಕು. ಗಟ್ಟಿ ದನಿಯವರು ಆಗ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಆ ಮೌನದಲ್ಲಿ ದಿನವೂ ಬರುತ್ತಿದ್ದದ್ದು ಮೇಷ್ಟ್ರ ದನಿ, ಮರಳಿನ ಮೇಲೆ ಚೀಲ ಎಳೆದಂಥ ಸದ್ದಿನ ನಡುವೆ. "ಇದ್ದೀನಿ ಕಣೋ ಸುರುಳಿ. ಇವತ್ತು ಪರವಾಗಿಲ್ಲ. ಎಲ್ಲರೂ ಚೆನ್ನಾಗಿದ್ದೀರಾ?" ಅಷ್ಟೆ. ಅಷ್ಟು ಕೇಳಿದರೆ ಸುರುಳಿಗೆ ದಿನ ಮುಗಿದ ಸಮಾಧಾನ.

ಕೆಟ್ಟದ್ದು ಶುರುವಾದದ್ದು ಸಂಘದ ಸಭೆಯಲ್ಲಿ. ಹಲ್ಲಿನ ಡಾಕ್ಟರು ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಅಲ್ಲಿ ರಿಪೀಟರಿನ ದನಿ ಸಣ್ಣಗೆ, ಗೊರಗೊರ ಎಂದು ಕೇಳುತ್ತಿತ್ತು. "ಏನ್ರೀ ಇದು, ಪಕ್ಕದ ಮನೆಯವರು ಗೊರಕೆ ಹೊಡೆದಂಗೆ ಕೇಳುತ್ತೆ," ಎಂದರು ಡಾಕ್ಟರು. ಟ್ಯಾಕ್ಸಿಯವನೂ ಹೌದೆಂದ, ಹೆದ್ದಾರಿಯಲ್ಲಿ ದೂರ ಹೋದರೆ ಏನೂ ಕೇಳಿಸುವುದಿಲ್ಲವಂತೆ. ಕೂಗುವ ಕಡೆಗೆ ಇನ್ನೊಂದು ಆಂಪ್ಲಿಫೈಯರ್ ಜೋಡಿಸಿ ಬಲ ಹೆಚ್ಚಿಸೋಣ ಎಂದು ಹೆಚ್ಚು ಕಡಿಮೆ ಎಲ್ಲರೂ ಒಪ್ಪಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಕೈ ಎತ್ತಿದರು.

"ಮೊದಲು ಡಬ್ಬಿ ಬದಲಾಯಿಸಿ," ಎಂದರು. ಉಸಿರು ಎಳೆದುಕೊಂಡು, "ಈ ಡಬ್ಬಿ ಅಷ್ಟು ತಡೆಯಲ್ಲ. ಯಂತ್ರಕ್ಕೆ ಬಾಯಿ ದೊಡ್ಡದಾಗುತ್ತೆ, ಕಿವಿ ಹೋಗುತ್ತೆ."

ಸುರುಳಿಯ ಮುಖ ಕೆಂಪೇರಿತು. ಅಷ್ಟು ಜನರ ಎದುರಿಗೆ ಅವನ ಡಬ್ಬಿಗೆ ಈ ಮಾತು! ಅದೂ ಬೇರೆ ಯಾರೋ ಅಲ್ಲ, ಮೇಷ್ಟ್ರ ಬಾಯಲ್ಲಿ. "ನನ್ನ ಕೆಲಸದ ಮೇಲೆ ನಿಮಗೆ ನಂಬಿಕೆ ಇಲ್ಲ ಅನ್ನಿ, ಮೇಷ್ಟ್ರೇ," ಎಂದ.

"ನಂಬಿಕೆ ಪ್ರಶ್ನೆ ಅಲ್ಲ ಕಣೋ..."

"ಮತ್ತಿನ್ನೇನು? ಆ ಡಬ್ಬಿ ಏನು ತಡೆಯುತ್ತೆ ಅಂತ ಅದನ್ನ ಮಾಡಿದವನಿಗೆ ಗೊತ್ತಿಲ್ವಾ?"

ಮೇಷ್ಟ್ರು ಇನ್ನೇನೋ ಹೇಳಲು ಹೋದರು, ಕೆಮ್ಮು ಒತ್ತರಿಸಿಕೊಂಡು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು. ಪ್ರತಿಸಲ ಅವರನ್ನು ಮನೆಯವರೆಗೆ ಬಿಟ್ಟುಬರುತ್ತಿದ್ದ ಸುರುಳಿ ಅವತ್ತು ಕೆಲಸವಿದೆ ಎಂದು ಜಾರಿಕೊಂಡ. ಟ್ಯಾಕ್ಸಿಯವನು ಕರೆದುಕೊಂಡು ಹೋದ.

ಮುಂದಿನ ವಾರವೇ ಸುರುಳಿ ಗುಡ್ಡ ಹತ್ತಿ ಆಂಪ್ಲಿಫೈಯರ್ ಕೂರಿಸಿದ. ಡಾಕ್ಟರು ಜೊತೆಗಿದ್ದರು. ಕೂರಿಸಿದ ಮೇಲೆ ಯಂತ್ರದ ಕಿವಿ ಪರೀಕ್ಷಿಸಬೇಕು. ಅದಕ್ಕೆಂದೇ ಸಣ್ಣ ಸಿಗ್ನಲ್ ಹುಟ್ಟಿಸುವ ಪೆಟ್ಟಿಗೆಯೊಂದಿದೆ. ಎಷ್ಟು ಕ್ಷೀಣವಾದ ಸಿಗ್ನಲ್ ಕೊಟ್ಟರೂ ಕೇಳಿಸಿಕೊಳ್ಳುತ್ತದೆಯೇ ಎಂದು ನೋಡುವುದು. ಈ ಪರೀಕ್ಷೆಯನ್ನು ಯಂತ್ರ ಕೂಗುತ್ತಿರುವಾಗಲೇ ಮಾಡಬೇಕು. ಬಾಯಿ ಮುಚ್ಚಿಸಿ ಕಿವಿ ನೋಡಿದರೆ ಯಾವ ಕಿವಿಯೂ ಚುರುಕೇ. ಸುರುಳಿಗೆ ಇದು ತಿಳಿಯದ್ದೇನಲ್ಲ, ಎಳೆಯ ಪ್ರಾಯದಲ್ಲೇ ಮೇಷ್ಟ್ರು ತಲೆಗೆ ಮೊಟಕಿ ಕಲಿಸಿದ್ದರು. ಆದರೆ ಅವತ್ತು ಆ ಪರೀಕ್ಷೆಗೆ ಕೈ ಹಾಕಿದರೆ ಅವರ ಮಾತಿಗೆ ಬೆಲೆ ಕೊಟ್ಟಂತೆ, ತನ್ನ ಡಬ್ಬಿಯನ್ನು ತಾನೇ ಅನುಮಾನಿಸಿದಂತೆ. ಅವನು ಆಂಟೆನಾದ ಕೇಬಲ್ ಕಳಚಿದ, ಕೂಗುವ ಸ್ವಿಚ್ಚು ಆರಿಸಿದ, ಪೆಟ್ಟಿಗೆಯನ್ನು ನೇರವಾಗಿ ಕಿವಿಗೆ ಸಿಕ್ಕಿಸಿದ. ಮೀಟರಿನ ಮುಳ್ಳು ಚಂಗನೆ ಎದ್ದಿತು.

"ನೋಡಿ ಡಾಕ್ಟ್ರೇ, ಹೊಸದರ ಹಾಗಿದೆ ಕಿವಿ," ಎಂದ. ಡಾಕ್ಟರು ಬೆನ್ನು ತಟ್ಟಿದರು.

ಅಂದಿನ ಸಂಜೆ ಎಲ್ಲರಿಗೂ ಹಬ್ಬ. ಹೆದ್ದಾರಿಯಿಂದ ಟ್ಯಾಕ್ಸಿಯವನು, "ಅಣ್ಣಾ, ನೀನು ಪಕ್ಕದ ಸೀಟಲ್ಲಿ ಕೂತು ಮಾತಾಡಿದಂಗಿದೆ!" ಎಂದು ಕಿರುಚಿದ. ಸುರುಳಿ ಎಂದಿನಂತೆ ಸಣ್ಣ ದನಿಯವರು ಯಾರಾದರೂ ಇದ್ದೀರಾ ಎಂದು ಕೇಳಿ ಸುಮ್ಮನಾದ. ಮೇಷ್ಟ್ರ ದನಿ ಬರಲಿಲ್ಲ. ಬದಲಿಗೆ ಟಕ್, ಟಕ್, ಟಕ್ ಎಂದು ಯಂತ್ರ ಒಂದಷ್ಟು ಸಲ ತೆರೆದು ಮುಚ್ಚಿಕೊಂಡಿತು. ಹೊಸ ಜೋಡಣೆ, ಎಲ್ಲೋ ಏನೋ ಸಡಿಲವಿರಬೇಕು ಎಂದುಕೊಂಡ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ನಾಲ್ಕು ದಿನ ಕಳೆದ ಮೇಲೆ ನರ್ಸಮ್ಮ ಕೇಳಿಯೇಬಿಟ್ಟಳು. "ಮೇಷ್ಟ್ರು ಕಾಣ್ತಾ ಇಲ್ವಲ್ಲ, ಹುಷಾರಿದ್ದಾರೆ ತಾನೆ?"

"ಅವರಿಗೇನು, ಚೆನ್ನಾಗಿದ್ದಾರೆ," ಎಂದ ಸುರುಳಿ, ಊರಿಗೆಲ್ಲ ಕೇಳುವ ಆ ಹೊಸ ದನಿಯಲ್ಲಿ. "ಮುನಿಸಿಕೊಂಡು ಮೂಲೆ ಸೇರಿದ್ದಾರೆ. ಯಾರೂ ಮಾತಾಡಿಸ್ಬೇಡಿ. ಬೇಜಾರಾದ್ರೆ ತಾವಾಗೇ ಬರ್ತಾರೆ."

ಎಲ್ಲರೂ ನಕ್ಕರು. ಅವನು ಮಾತು ಮುಗಿಸಿ ಬೆರಳು ಎತ್ತಿದ ಕೂಡಲೆ ಆ ಟಕ್ ಟಕ್ ಮತ್ತೆ ಬಂತು, ಸ್ವಲ್ಪ ಜಾಸ್ತಿಯೇ ಬಂತು.

ಒಂದು ಫೋನ್ ಮಾಡಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಮಾಡಲಿಲ್ಲ. ಹೆಂಡತಿ ಬಾಯಿ ನೋಯುವಷ್ಟು ಹೇಳಿದಳು: "ರೀ, ದೊಡ್ಡವರು. ನೀವೇ ಒಂದು ಹೆಜ್ಜೆ ಮುಂದೆ ಹೋದರೆ ನಿಮ್ಮ ಗಂಟೇನು ಹೋಗುತ್ತೆ?" ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ಮಾತಾಡಿದವರು ಅವರು, ಅವರೇ ಬರಲಿ ಎಂಬ ಹಟ. ಇಂಥ ಹಟಕ್ಕೆ ಏನು ಹೇಳುವುದು! ಮನಸ್ಸಿನೊಳಗೆ ಅವರ ದನಿಗಾಗಿ ಹಾತೊರೆಯುತ್ತಲೇ ಇದ್ದ. ಸಣ್ಣ ದನಿಯವರನ್ನು ಕೇಳಿದ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕಾಯುತ್ತಿದ್ದ. ಬರುತ್ತಿದ್ದದ್ದು ಅದೊಂದೇ, ಟಕ್ ಟಕ್.

ಡಾಕ್ಟರಿಗೆ ಆ ಸದ್ದು ತಲೆನೋವಾಯಿತು. "ಯಾವನೋ ಪೋಲಿ ಬೇಕೂಂತ ಗುಂಡಿ ಒತ್ತುತ್ತಿದ್ದಾನೆ, ಸುರುಳಿ. ಏನಾದ್ರೂ ಮಾಡಪ್ಪ." ಸುರುಳಿ ಇನ್ನೊಮ್ಮೆ ಗುಡ್ಡ ಹತ್ತಿದ. ರಿಪೀಟರಿನ ಮೈಮೇಲೆ ಸ್ಕ್ವೆಲ್ಚ್ ಎಂಬ ಗುಂಡಿಯಿದೆ. ಎಷ್ಟು ಸಣ್ಣ ಸಿಗ್ನಲ್ಲಿಗೆ ಬಾಗಿಲು ತೆರೆಯಬೇಕು, ಎಷ್ಟಕ್ಕೆ ತೆರೆಯಬಾರದು ಎಂದು ನಿರ್ಧರಿಸುವುದು ಅದೇ. ಅವನು ಅದನ್ನು ಬಿಗಿಯಾಗಿ ತಿರುಗಿಸಿದ. ಸಂಜೆ ಸಣ್ಣ ದನಿಯವರನ್ನು ಕೇಳಿದಾಗ ಒಂದು ಸದ್ದೂ ಬರಲಿಲ್ಲ. "ಶಭಾಷ್," ಎಂದರು ಡಾಕ್ಟರು. "ಈಗ ನೋಡು, ಮನೆ ಗುಡಿಸಿ ಸಾರಿಸಿದಂಗಿದೆ." ಸುರುಳಿಗೆ ಯಾಕೋ ಖುಷಿಯಾಗಲಿಲ್ಲ. ಸುಸ್ತು ಎಂದುಕೊಂಡು ಮಲಗಿದ.

ಆಮೇಲೆ ತಿಂಗಳುಗಳೇ ಉರುಳಿದವು. ಗಾಳಿ ಚಳಿಗೆ ತಿರುಗಿತು, ಮತ್ತೆ ಸೆಕೆಗೆ ತಿರುಗಿತು. ಸೆಕೆಯ ಒಂದು ಬೆಳಿಗ್ಗೆ ಮೇಷ್ಟ್ರ ಹೆಂಡತಿ ಒಂದು ಟೇಬಲ್ ಫ್ಯಾನನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಬೆವರು ಸುರಿಯುತ್ತಿತ್ತು. ಸುರುಳಿ ಧಡಕ್ಕನೆ ಎದ್ದು ಸ್ಟೂಲು ಸರಿಸಿದ.

"ಕೂತ್ಕೊಳ್ಳಿ ಅಮ್ಮ. ಹೇಳಿ ಕಳಿಸಿದ್ರೆ ನಾನೇ ಬರ್ತಿರಲಿಲ್ವಾ?"

"ನೀನು ಬರ್ತೀಯ ಅಂತ ಅನ್ನಿಸಲಿಲ್ಲಪ್ಪ," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಚುಚ್ಚಿತು. "ಇವರಿಗೆ ಫ್ಯಾನಿಲ್ಲದೆ ಉಸಿರೇ ಸಿಗಲ್ಲ. ಇವತ್ತೇ ಆಗುತ್ತಾ ನೋಡು."

ಅವನು ಫ್ಯಾನಿನ ಬೆನ್ನು ಬಿಚ್ಚುತ್ತಾ ತಲೆ ಎತ್ತದೆ ಕೇಳಿದ. "ಮೇಷ್ಟ್ರ ಕೋಪ ಇನ್ನೂ ಇಳಿದಿಲ್ವಾ ಅಮ್ಮ?"

"ಕೋಪಾನಾ? ಅವರಿಗೆಲ್ಲಿಯ ಕೋಪ? ಕೋಪ ಬಂದಿದ್ದು ನಿಮಗಲ್ವಾ?"

"ನಮಗಾ?"

"ಮತ್ತೆ? ದಿನಾ ಸಂಜೆ ಸೆಟ್ಟು ಹಿಡ್ಕೊಂಡು ಕೂರೋರು. ಸಣ್ಣ ದನಿಯವರು ಯಾರಾದ್ರೂ ಇದ್ದೀರಾ ಅಂತ ನೀನು ಕೇಳಿದ ತಕ್ಷಣ, ಇದ್ದೀನಿ ಕಣೋ ಅನ್ನೋರು. ನೀನು ಉತ್ತರಾನೇ ಕೊಡ್ತಿರಲಿಲ್ಲ. ಮತ್ತೆ ಕರೆಯೋರು, ಮತ್ತೆ ಕರೆಯೋರು. ನೀವು ನಿಮ್ಮ ಪಾಡಿಗೆ ಮಾತಾಡ್ಕೊಂಡು ಹೋಗೋರು."

ಸುರುಳಿ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಮ್ಮ ಮಾತು... ಅವರಿಗೆ ಕೇಳ್ತಿತ್ತಾ?"

"ಕೇಳದೆ ಏನು? ಮೊದಲಿಗಿಂತ ಚೆನ್ನಾಗಿ ಕೇಳ್ತಿತ್ತು. ಅಡುಗೆಮನೇಲಿದ್ದ ನನಗೂ ಕೇಳ್ತಿತ್ತು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮೂಲೆ ಸೇರಿದ್ದಾರೆ, ಯಾರೂ ಮಾತಾಡಿಸ್ಬೇಡಿ ಅಂದೆಯಲ್ಲ, ಅದೂ ಕೇಳ್ತು. ಅವತ್ತು ಅವರು ಗುಂಡಿ ಬಿಡಲೇ ಇಲ್ಲ. ಇಲ್ಲ ಕಣೋ, ಇಲ್ಲೇ ಇದ್ದೀನಿ ಕಣೋ ಅಂತ ಕೂಗಿ ಕೂಗಿ, ಕೊನೆಗೆ ಕೆಮ್ಮು ಹತ್ತಿ, ನಾನೇ ಸೆಟ್ಟು ಕಿತ್ತುಕೊಂಡೆ."

ಆ ಟಕ್ ಟಕ್ ಏನೆಂದು ಅವನಿಗೆ ಆಗ ಹೊಳೆಯಿತು. ಹೊಳೆದದ್ದಲ್ಲ, ಎದೆಗೆ ಒದ್ದ ಹಾಗಾಯಿತು. ಮೇಷ್ಟ್ರು ಗುಂಡಿ ಒತ್ತಿದಾಗ ಯಂತ್ರ ಅವರ ದನಿಯನ್ನು ಕೇಳಿಸಿಕೊಳ್ಳುತ್ತಿತ್ತು. ಕೇಳಿದ್ದನ್ನು ಹಂಚಲು ಬಾಯಿ ತೆರೆಯುತ್ತಿತ್ತು. ಬಾಯಿ ತೆರೆದ ಕೂಡಲೆ ಅದರ ಗದ್ದಲಕ್ಕೆ ಕಿವಿ ಮುಚ್ಚಿಹೋಗಿ, ಇನ್ನು ಯಾರೂ ಇಲ್ಲ ಎಂದುಕೊಂಡು ಬಾಯಿ ಮುಚ್ಚುತ್ತಿತ್ತು. ಮುಚ್ಚಿದೊಡನೆ ಮತ್ತೆ ಅವರ ದನಿ ಕೇಳುತ್ತಿತ್ತು. ಟಕ್. ಮತ್ತೆ ಕಿವುಡು. ಟಕ್. ಡಾಕ್ಟರ ಗಟ್ಟಿ ಸೆಟ್ಟಿಗೆ, ಟ್ಯಾಕ್ಸಿಯವನ ಗಟ್ಟಿ ಸೆಟ್ಟಿಗೆ ಇದು ತಟ್ಟಲೇ ಇಲ್ಲ. ಕಿಟಕಿಗೆ ಒರಗಿದ ಒಂದೇ ಒಂದು ಸಣ್ಣ ಸೆಟ್ಟಿಗೆ ತಟ್ಟಿತು. ಅದು ಕರೆದಷ್ಟು ಸಲವೂ ಟಕ್ ಎಂದು ಬಾಗಿಲು ಬಡಿಯಿತು, ಸುರುಳಿ ಎದ್ದು ಹೋಗಿ ಅಗಳಿ ಹಾಕಿ ಬಂದ.

"ಅಮ್ಮ, ಅವರ ದನಿ ನಮಗೆ ಬರ್ತಿರಲಿಲ್ಲ. ಯಂತ್ರ ಕೆಟ್ಟಿತ್ತು. ನಾನೇ ಕೆಡಿಸಿದ್ದು," ಎಂದ.

ಆಕೆ ಅವನ ಮುಖವನ್ನೇ ನೋಡಿದರು. "ಹಾಗಾದ್ರೆ ಬೇಕೂಂತ ಅಲ್ವಾ?"

"ದೇವರಾಣೆಗೂ ಅಲ್ಲ."

"ಅಯ್ಯೋ," ಎಂದರು ಆಕೆ. "ಅಯ್ಯೋ ದೇವರೇ!" ಸ್ಟೂಲಿನ ಅಂಚು ಹಿಡಿದುಕೊಂಡು ಎದ್ದು, ಫ್ಯಾನು ಸಂಜೆಗೆ ಬೇಕು ಎಂದಷ್ಟೇ ಹೇಳಿ ಹೊರಟರು.

ಅವನು ಮೊದಲು ಫ್ಯಾನು ಸುತ್ತಿದ. ತಂತಿ ಎರಡು ಸಲ ತುಂಡಾಯಿತು, ಹಾಗಾದದ್ದು ಅವನ ಕಸುಬಿನಲ್ಲೇ ಇಲ್ಲ. ಅದನ್ನು ಟೈರಿನವನ ಕೈಯಲ್ಲಿ ಮೇಷ್ಟ್ರ ಮನೆಗೆ ಕಳಿಸಿ, ತಾನು ಮಟಮಟ ಮಧ್ಯಾಹ್ನವೇ ಗುಡ್ಡ ಹತ್ತಿದ. ಪೆಟ್ಟಿಗೆ ಸಿಕ್ಕಿಸಿದ. ಕೇಬಲ್ ಕಳಚದೆ, ಸ್ವಿಚ್ಚು ಆರಿಸದೆ, ಬಾಯಿ ತೆರೆದಿರುವಾಗಲೇ ಕಿವಿ ನೋಡಿದ. ಮುಳ್ಳು ಸತ್ತ ಹಾಗೆ ಬಿದ್ದಿತ್ತು. ಸಿಗ್ನಲ್ ಏರಿಸಿದ, ಇನ್ನೂ ಏರಿಸಿದ, ಮತ್ತೂ ಏರಿಸಿದ ಮೇಲೆ ಒಂದಿಷ್ಟು ಮಿಸುಕಾಡಿತು. ಮೇಷ್ಟ್ರು ಸಭೆಯಲ್ಲಿ ಹೇಳಿದ್ದು ಅಕ್ಷರಕ್ಕಕ್ಷರ ಹೌದಾಗಿತ್ತು. ತಾನು ಉಜ್ಜಿ ಹೊಳಪು ಬರಿಸಿದ ಡಬ್ಬಿಗಳನ್ನು ನೋಡಿ ಅವನಿಗೆ ಅಸಹ್ಯವಾಯಿತು. ಹೊಸ ಆಂಪ್ಲಿಫೈಯರನ್ನು ಕಿತ್ತು ಮೂಲೆಗೆ ಎಸೆದ. ಬಿಗಿದಿದ್ದ ಸ್ಕ್ವೆಲ್ಚ್ ಗುಂಡಿಯನ್ನು ಸಡಿಲಿಸಿದ. ಸರಳುಗಳನ್ನು ಮತ್ತೆ ಹದಕ್ಕೆ ತಂದು, ಪೆಟ್ಟಿಗೆ ಕೊಟ್ಟ ಅತಿ ಸಣ್ಣ ಸಿಗ್ನಲ್ಲಿಗೂ ಮುಳ್ಳು ಎದ್ದು ನಿಂತದ್ದನ್ನು ನೋಡಿದ ಮೇಲೆ ಕೆಳಗಿಳಿದ.

ಸಂಜೆ ಗಾಳಿಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ, "ನಾನೂ ಶಭಾಷ್ ಅಂದಿದ್ದೆ," ಎಂದು ಡಾಕ್ಟರ ದನಿ ಬಂತು. ಬಡಾವಣೆಯ ಮನೆಯಲ್ಲಿ ಮತ್ತೆ ಗೊರಗೊರ ಶುರುವಾದರೂ ಬಲ ಹೆಚ್ಚಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸುರುಳಿ ಕೊನೆಗೆ, "ಸಣ್ಣ ದನಿಯವರು ಯಾರಾದರೂ ಇದ್ದೀರಾ?" ಎಂದ. ಯಾರೂ ಉಸಿರೆತ್ತಲಿಲ್ಲ. ಮೇಷ್ಟ್ರೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದ. ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಗುಸುಗುಡುತ್ತಿತ್ತು, ಮೂಗಿಗೆ ಕೊಳವೆ ಹಾಕಿದ್ದರು. ಇಷ್ಟು ಇಳಿದುಹೋಗಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತು? ಅವನೇ ಕೇಳಬೇಕಿತ್ತು. ಕಾಲ ಬಳಿ ಕೂತು, ನಡೆದದ್ದನ್ನೆಲ್ಲ ಒಂದೇ ಸಮನೆ ಒದರಿದ. "ತಪ್ಪಾಯ್ತು ಮೇಷ್ಟ್ರೇ, ಹೊಟ್ಟೆಗೆ ಹಾಕ್ಕೊಳ್ಳಿ. ಈಗ ಸರಿಯಾಗಿದೆ. ನೀವು ಪಿಸುಗುಟ್ಟಿದ್ರೂ ಗುಡ್ಡಕ್ಕೆ ಕೇಳುತ್ತೆ. ಇವತ್ತು ಸಂಜೆ ಬನ್ನಿ."

ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು. ತುಟಿ ಅಲುಗಿತು. ಅವನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದ. "ಡಬ್ಬಿ... ಚೆನ್ನಾಗೇ ಮಾಡಿದ್ದೆ... ಕಣೋ," ಎಂದರು. ಅಷ್ಟಕ್ಕೇ ಎದೆ ಏರಿ ಇಳಿದು, ಕಣ್ಣು ಮೇಲೆ ಹೋಯಿತು. ಹೆಂಡತಿ ಓಡಿಬಂದು ಬೆನ್ನು ನೀವಿದರು.

"ಸಾಕು ಬಿಡಿ, ಮಾತು ಬೇಡ," ಎಂದು ಅವರನ್ನು ಒರಗಿಸಿ, ಸುರುಳಿಯನ್ನು ಬಾಗಿಲವರೆಗೆ ಬಿಡಲು ಬಂದರು. "ಇನ್ನು ಅವರಿಗೆ ಮಾತಾಡೋಕಾಗಲ್ಲಪ್ಪ. ಇದ್ದಷ್ಟು ಉಸಿರೆಲ್ಲ ನಿಮ್ಮನ್ನ ಕರೆಯೋದಕ್ಕೇ ಹೋಯ್ತು." ಆಕೆ ಅದನ್ನು ದೂರುವಂತೆ ಹೇಳಲಿಲ್ಲ, ಮನೆಯಲ್ಲಿ ಅಕ್ಕಿ ಮುಗಿದಿದೆ ಎನ್ನುವಷ್ಟು ಸರಳವಾಗಿ ಹೇಳಿದರು. ಸುರುಳಿ ಗೋದಾಮಿನ ಗೋಡೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಸಾಮಾನು ಇಳಿಸುತ್ತಿದ್ದ ಹಮಾಲಿಗಳು ಏನಾಯ್ತು ಏನಾಯ್ತು ಎಂದು ಸುತ್ತ ನೆರೆದರು. ಅವರಿಗೆ ಏನೆಂದು ಹೇಳಿಯಾನು?

ಆ ಸಂಜೆಯೂ ಅವನು ಸಣ್ಣ ದನಿಯವರನ್ನು ಕೇಳಿದ. ಯಂತ್ರ ತೆರೆದುಕೊಂಡಿತು. ತೆರೆದದ್ದು ಮುಚ್ಚಲಿಲ್ಲ, ಒಂದೇ ಹದದಲ್ಲಿ ನಿಂತಿತು. ಮಾತಿಲ್ಲ. ಆಕ್ಸಿಜನ್ ಯಂತ್ರದ ಗುಸುಗುಸು, ಅದರ ಹಿಂದೆ ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡುವ ಸದ್ದು, ಊರಿನ ಅಷ್ಟೂ ಸೆಟ್ಟುಗಳಲ್ಲಿ ಕೇಳಿತು. ಹೆದ್ದಾರಿಯಲ್ಲಿದ್ದ ಟ್ಯಾಕ್ಸಿಯವನು ಗಾಡಿಯನ್ನು ಪಕ್ಕಕ್ಕೆ ಹಾಕಿದನಂತೆ. ಕೊನೆಗೆ ಮೇಷ್ಟ್ರು ಗುಂಡಿ ಬಿಟ್ಟರು. "ಬಂತು ಮೇಷ್ಟ್ರೇ, ಚೆನ್ನಾಗಿ ಬಂತು," ಎಂದ ಸುರುಳಿ.

ಆಮೇಲೆ ಅದೇ ನಿತ್ಯದ ಮಾತಾಯಿತು. ಮೇಷ್ಟ್ರು ಗುಂಡಿ ಒತ್ತಿ ಹಿಡಿಯುವುದು, ಇವರು ಅವರ ಉಸಿರು ಕೇಳುವುದು. ನರ್ಸಮ್ಮನಿಗೆ ಮಾತ್ರ ಆ ಉಸಿರಿನ ಅರ್ಥ ಗೊತ್ತಿತ್ತು. ಸುರುಳಿ ಬೆಳಿಗ್ಗೆ ಅವರ ಮನೆಗೆ ಹೋಗಿ ಕೂತು ಬರುತ್ತಿದ್ದ, ಸಂಜೆ ಗಾಳಿಯಲ್ಲಿ ಕಾಯುತ್ತಿದ್ದ. ಊಟ ಸೇರುತ್ತಿರಲಿಲ್ಲ. "ಅವರೇ ಹೊಟ್ಟೆಗೆ ಹಾಕ್ಕೊಂಡಿದ್ದಾರೆ, ನೀವ್ಯಾಕೆ ನಿಮ್ಮನ್ನೇ ತಿನ್ಕೋತೀರಿ?" ಎಂದಳು ಹೆಂಡತಿ. ಅವರು ಕ್ಷಮಿಸಿದ್ದರು, ನಿಜ. ಆದರೆ ಕಳೆದುಹೋದ ಆ ತಿಂಗಳುಗಳ ಒಂದೊಂದು ಸಂಜೆಯಲ್ಲೂ ಅವರು ಏನೇನು ಹೇಳಿದ್ದರೋ, ಅದನ್ನು ಇನ್ನು ಯಾರ ಬಾಯಿಂದ ಕೇಳುವುದು?

ಒಂದು ಸಂಜೆ ಅವನು ಕೇಳಿದಾಗ ಯಂತ್ರ ತೆರೆದುಕೊಳ್ಳಲಿಲ್ಲ. ಕಾದ. ಇನ್ನೊಮ್ಮೆ ಕೇಳಿದ. ಬೇರೆಯವರು ತಡೆಯಲಾರದೆ ಏನೇನೋ ಹೇಳಲು ಬಂದರು. "ಯಾರೂ ಮಾತಾಡ್ಬೇಡಿ," ಎಂದು ಗದರಿ, ಸೆಟ್ಟನ್ನು ಮೇಜಿನ ಮೇಲೆ ಬಿಟ್ಟು ಎದ್ದ. ಮೇಷ್ಟ್ರ ಮನೆಯ ಕಡೆಗೆ ಹೋಗಲಿಲ್ಲ. ಚೀಲ ಹೆಗಲಿಗೇರಿಸಿ ಗುಡ್ಡದ ದಾರಿ ಹಿಡಿದ. ಸರಳು ಜಾರಿರಬೇಕು, ಕೇಬಲ್ ಸಡಿಲವಾಗಿರಬೇಕು, ಇಲಿ ಕಡಿದಿರಬೇಕು. ಏನಾದರೂ ಒಂದು ಕೆಟ್ಟಿರಲಿ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತವನ ಹಾಗೆ ಬೇಡಿಕೊಂಡ.

ಶೆಡ್ಡಿನಲ್ಲಿ ದೀಪ ಹಾಕಿ, ಪೆಟ್ಟಿಗೆ ಸಿಕ್ಕಿಸಿ, ಯಂತ್ರದ ಬಾಯಿ ತೆರೆಸಿ ಕಿವಿ ನೋಡಿದ. ಮುಳ್ಳು ಎದ್ದು ನಿಂತಿತು. ಸಿಗ್ನಲ್ ಇಳಿಸಿದ, ನಿಂತಿತ್ತು. ಪೆಟ್ಟಿಗೆಗೆ ಕೊಡಲು ಸಾಧ್ಯವಿದ್ದಷ್ಟೂ ಸಣ್ಣದಕ್ಕೆ ಇಳಿಸಿದ, ಆಗಲೂ ನಿಂತಿತ್ತು. ಒಂದೊಂದು ಕೇಬಲನ್ನೂ ಕಳಚಿ, ಒರೆಸಿ, ಮತ್ತೆ ಹಾಕಿದ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಎತ್ತಿದ.

"ರೀ, ಎಲ್ಲಿದ್ದೀರಿ?" ಹೆಂಡತಿಯ ದನಿ ಒಡೆದಿತ್ತು. "ಅಮ್ಮ ಫೋನ್ ಮಾಡಿದ್ರು. ಮೇಷ್ಟ್ರು ಹೋಗ್ಬಿಟ್ರಂತೆ. ಬೇಗ ಕೆಳಗೆ ಬನ್ನಿ."

"ಸ್ವಲ್ಪ ತಾಳು," ಎಂದ ಸುರುಳಿ. "ಇಲ್ಲೇನೋ ಕೆಟ್ಟಿದೆ. ಸರಿ ಮಾಡಿ ಬಂದ್ಬಿಡ್ತೀನಿ."

ಫೋನನ್ನು ಕೆಳಗಿಟ್ಟು ಡಬ್ಬಿಯೊಂದರ ಮುಚ್ಚಳ ಬಿಚ್ಚತೊಡಗಿದ. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ.